ತ್ಯಾಗ ಅಂತಾನಾ, ಬಲಿ ಅಂತಾನಾ?

ಕ್ಯಾತ್ಸಂದ್ರದಲ್ಲಿ ನಮ್ಮ ಅಕ್ಕನ ಮನೆ. ಅಕ್ಕನ ಮಗ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಾನೆ. ಹತ್ತನೇ ಕ್ಲಾಸಿನವರೆಗೂ ಅವನದು ಕನ್ನಡ ಮೀಡಿಯಂ. ಒಂದು ಭಾನುವಾರ ಹೋದಾಗ ತಟ್ಟೆ ಇಡ್ಲಿ ಮುಂದಿಟ್ಟುಕೊಂಡು ಮೊಬೈಲ್ ನೋಡುತ್ತಾ ಕೂತಿದ್ದ. ಇಡ್ಲಿ ಆರಿ ತಣ್ಣಗಾಗಿತ್ತು.

"ಮಾಮ, ಸ್ಯಾಕ್ರಿಫೈಸ್ ಅಂದ್ರೆ ಕನ್ನಡದಲ್ಲಿ ಏನು?" ಅಂತ ಕೇಳಿದ.

"ತ್ಯಾಗ" ಅಂದೆ.

ಸ್ವಲ್ಪ ಹೊತ್ತು ಯೋಚನೆ ಮಾಡಿದ. "ಆದ್ರೆ ಸಾಯೋದು ನಾನಲ್ವಲ್ಲ ಮಾಮ. ಸಾಯೋದು ಅವಳು. ಅದನ್ನೂ ತ್ಯಾಗ ಅಂತಾರಾ?"

ಅವನು ಆಡುತ್ತಿದ್ದದ್ದು 'ಲೈಫ್ ಈಸ್ ಸ್ಟ್ರೇಂಜ್'. ಫ್ರಾನ್ಸಿನ ಡೋಂಟ್‌ನೋಡ್ ಸ್ಟುಡಿಯೋ 2015ರಲ್ಲಿ ಐದು ಕಂತುಗಳಲ್ಲಿ ಹೊರತಂದ ಆಟ. ಮ್ಯಾಕ್ಸ್ ಅನ್ನುವ ಹುಡುಗಿಗೆ ಕಾಲವನ್ನು ಹಿಂದಕ್ಕೆ ತಿರುಗಿಸುವ ಶಕ್ತಿ ಬರುತ್ತದೆ. ಶಾಲೆಯಲ್ಲಿ ಗುಂಡೇಟು ಬಿದ್ದು ಸಾಯಬೇಕಿದ್ದ ಗೆಳತಿ ಕ್ಲೋಯಿಯನ್ನು ಅವಳು ಆ ಶಕ್ತಿಯಿಂದ ಉಳಿಸುತ್ತಾಳೆ. ಆದರೆ ಹಾಗೆ ಕಾಲವನ್ನು ತಿದ್ದಿದ್ದರಿಂದ ಕೊನೆಗೆ ಊರಿನ ಮೇಲೆ ದೊಡ್ಡ ಬಿರುಗಾಳಿ ಎದ್ದು ಬರುತ್ತದೆ. ಆಗ ಪರದೆ ಮೇಲೆ ಎರಡೇ ಆಯ್ಕೆ. ಹಿಂದಕ್ಕೆ ಹೋಗಿ ಕ್ಲೋಯಿ ಸಾಯುವುದಕ್ಕೆ ಬಿಡಬೇಕು. ಇಲ್ಲದಿದ್ದರೆ ಆರ್ಕೇಡಿಯಾ ಬೇ ಅನ್ನುವ ಇಡೀ ಊರನ್ನು ಬಿರುಗಾಳಿಗೆ ಬಿಡಬೇಕು. ಎರಡೂ ಆಯ್ಕೆಯ ಮುಂದೆ ಇಂಗ್ಲಿಷಿನ ಅದೇ ಒಂದು ಪದ ಇದೆ: ಸ್ಯಾಕ್ರಿಫೈಸ್.

ಹುಡುಗ ಹೇಳಿದ್ದು ಸರಿ. ನಾನು ಅವಸರದಲ್ಲಿ ತಪ್ಪು ಪದ ಹೇಳಿದ್ದೆ. ಇಂಗ್ಲಿಷಿನವರು ಒಂದೇ ಪದದಲ್ಲಿ ಮುಗಿಸುವುದಕ್ಕೆ ನಮ್ಮಲ್ಲಿ ಎರಡು ಪದ ಇವೆ. ತನ್ನದನ್ನು ತಾನೇ ಬಿಟ್ಟುಕೊಟ್ಟರೆ ತ್ಯಾಗ. ಇನ್ನೊಬ್ಬರದನ್ನು, ಇನ್ನೊಂದು ಜೀವವನ್ನು ಕೊಟ್ಟರೆ ಬಲಿ. ಮಾರಮ್ಮನ ಗುಡಿ ಮುಂದೆ ಕುರಿ ಕಡಿದವರನ್ನು ನಾವು ತ್ಯಾಗಿ ಅನ್ನುವುದಿಲ್ಲ ಅಲ್ವಾ? ಈ ಎರಡು ಪದ ಹಿಡಿದುಕೊಂಡು ಕಥೆ ಹೇಳುವ ಗೇಮ್‌ಗಳನ್ನು ನೋಡಿದರೆ ತುಂಬ ವಿಷಯ ಬಿಚ್ಚಿಕೊಳ್ಳುತ್ತದೆ ಅಂತ ಅವತ್ತಿನಿಂದ ನನಗೆ ಅನ್ನಿಸಿದೆ. ಕ್ಲೋಯಿಯ ವಿಷಯದಲ್ಲಿ ಅದು ಇನ್ನೂ ಚೆನ್ನಾಗಿ ಕಾಣುತ್ತದೆ. ತನ್ನನ್ನು ಬಿಟ್ಟು ಊರನ್ನು ಉಳಿಸು ಅಂತ ಅವಳೇ ಮ್ಯಾಕ್ಸ್‌ಗೆ ಹೇಳುತ್ತಾಳೆ. ಅವಳ ಕಡೆಯಿಂದ ನೋಡಿದರೆ ಅದು ತ್ಯಾಗ. ಗುಂಡಿ ಒತ್ತುವವರ ಕಡೆಯಿಂದ ನೋಡಿದರೆ ಬಲಿ. ಒಂದೇ ಸಾವಿಗೆ ಎರಡು ಹೆಸರು.

ಈ ಮಾತು ಈಗ ಯಾಕೆ ಬೇಕು ಅಂತ ಹೇಳಿಬಿಡುತ್ತೇನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಇ-ಸ್ಪೋರ್ಟ್ಸ್ ಮತ್ತು ದುಡ್ಡಿಲ್ಲದ ಆಟಗಳನ್ನು ಬೇರೆ ಇಟ್ಟಿತು. ರಮ್ಮಿಯಲ್ಲಿ ಮನೆ ಕಳೆದುಕೊಂಡವರ ನೋವು ದೊಡ್ಡದು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಅಲ್ಲಿಂದ ಈಚೆಗೆ ನಮ್ಮ ಮನೆಗಳಲ್ಲಿ ಗೇಮ್ ಅಂದರೆ ಒಂದೇ ಅರ್ಥ ಆಗಿದೆ: ದುಡ್ಡು ಹಾಳು, ಇಲ್ಲಾ ತಲೆ ಹಾಳು. ನಮ್ಮ ಅಕ್ಕನಿಗೂ ಅದೇ ಭಯ. ಮಗ ಊಟ ಬಿಟ್ಟು ಕೂತದ್ದು ಒಂದು ಊರು ಉಳಿಸುವುದಾ ಒಬ್ಬ ಗೆಳತಿಯನ್ನು ಉಳಿಸುವುದಾ ಅನ್ನುವ ಸಂಕಟದಲ್ಲಿ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಗೇಮ್‌ನಲ್ಲಿ ಧರ್ಮ ಅಧರ್ಮದ ಪ್ರಶ್ನೆ ಹೊಸದೇನೂ ಅಲ್ಲ. 1985ರಲ್ಲಿ ರಿಚರ್ಡ್ ಗ್ಯಾರಿಯಟ್ 'ಅಲ್ಟಿಮಾ' ಸರಣಿಯ ನಾಲ್ಕನೇ ಆಟ ಮಾಡಿದರು. ಅದರ ಅಡಿಹೆಸರಿನಲ್ಲಿ ನಮ್ಮ 'ಅವತಾರ' ಅನ್ನುವ ಪದವೇ ಇದೆ. ಅಲ್ಲಿ ರಾಕ್ಷಸನನ್ನು ಕೊಂದು ಗೆಲ್ಲುವುದಲ್ಲ. ಎಂಟು ಗುಣಗಳನ್ನು ಬೆಳೆಸಿಕೊಳ್ಳಬೇಕು. ಪ್ರಾಮಾಣಿಕತೆ, ಕರುಣೆ, ಧೈರ್ಯ, ನ್ಯಾಯ, ತ್ಯಾಗ, ಗೌರವ, ಅಧ್ಯಾತ್ಮ, ವಿನಯ. ವೈದ್ಯರ ಹತ್ತಿರ ರಕ್ತ ಕೊಟ್ಟರೆ ತ್ಯಾಗದ ಲೆಕ್ಕ ಏರುತ್ತಿತ್ತು. ಆ ಲೆಕ್ಕ ಆಟಗಾರರಿಗೆ ಕಾಣುತ್ತಿರಲಿಲ್ಲ. ಅದು ನನಗೆ ತುಂಬ ಹಿಡಿಸಿದ ವಿಷಯ. ಪುಣ್ಯದ ಲೆಕ್ಕ ಕಣ್ಣಿಗೆ ಕಂಡರೆ ಅದು ವ್ಯಾಪಾರ ಆಗಿಬಿಡುತ್ತದೆ.

ಆಮೇಲೆ ಬಂದ ಎಷ್ಟೋ ಆಟಗಳಲ್ಲಿ ಆದದ್ದು ಅದೇ. 2007ರ 'ಬಯೋಶಾಕ್' ನೋಡಿ. ಸಮುದ್ರದ ತಳದಲ್ಲಿ ಪಾಳುಬಿದ್ದ ಊರು. ಅಲ್ಲಿ ಪುಟ್ಟ ಹುಡುಗಿಯರ ಮೈಯಲ್ಲಿ ಆಡಮ್ ಅನ್ನುವ ಶಕ್ತಿ ಇದೆ. ಹುಡುಗಿಯನ್ನು ಕೊಂದರೆ ನಿಮಗೆ 160 ಆಡಮ್. ಬಿಡಿಸಿ ಕಳಿಸಿದರೆ 80. ಕೇಳಿದ ಕೂಡಲೇ ಎದೆ ಝಲ್ ಅನ್ನುತ್ತದೆ. ಆದರೆ ಲೆಕ್ಕ ಮುಂದುವರಿಸಿ. ಮೂವರನ್ನು ಬಿಡಿಸಿದರೆ ಉಡುಗೊರೆ ಬರುತ್ತದೆ, ಅದರಲ್ಲಿ 200 ಆಡಮ್. ಮೂವರನ್ನು ಕೊಂದವನಿಗೆ 480. ಬಿಡಿಸಿದವನಿಗೆ 240 ಮತ್ತು 200 ಸೇರಿ 440. ಜೊತೆಗೆ ಒಳ್ಳೆಯ ಸಾಮಾನುಗಳು, ಕೊನೆಗೆ ಒಳ್ಳೆಯ ಮುಕ್ತಾಯ. ಹಾಗಾದರೆ ಒಳ್ಳೆಯವನು ಕಳೆದುಕೊಂಡದ್ದೇನು? ಬರೀ 40. ಸ್ವಲ್ಪ ಕಾದರೆ ಒಳ್ಳೆಯತನವೇ ಲಾಭ. ಬಯೋಶಾಕ್ ಬೇರೆ ವಿಷಯಗಳಲ್ಲಿ ದೊಡ್ಡ ಆಟ, ಅದನ್ನು ಒಪ್ಪುತ್ತೇನೆ. ಈ ಒಂದು ಕಡೆ ಮಾತ್ರ ಅದಕ್ಕೆ ಧೈರ್ಯ ಸಾಲಲಿಲ್ಲ. ಕರುಣೆಗೆ ಬೆಲೆ ಇದೆ ಅಂತ ಹೇಳಿ, ಆ ಬೆಲೆಯನ್ನು ಹಿಂಬಾಗಿಲಿನಿಂದ ವಾಪಸು ಕೊಟ್ಟುಬಿಟ್ಟಿತು.

ನೀರಿನ ಕಥೆಗೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

2008ರಲ್ಲಿ ಬಂದ 'ಫಾಲ್‌ಔಟ್ 3' ಆಟದಲ್ಲಿ ಅಣುಯುದ್ಧ ಮುಗಿದು ವಾಷಿಂಗ್ಟನ್ ಹಾಳಾಗಿದೆ. ಕುಡಿಯುವುದಕ್ಕೆ ಶುದ್ಧ ನೀರಿಲ್ಲ. ನಾಯಕನ ಅಪ್ಪ ಅಮ್ಮ ನೀರು ಶುದ್ಧ ಮಾಡುವ ದೊಡ್ಡ ಯಂತ್ರ ಕಟ್ಟಲು ಹೊರಟವರು. ಕೊನೆಗೆ ಯಂತ್ರ ಸಿದ್ಧ. ಆದರೆ ಅದನ್ನು ಚಾಲೂ ಮಾಡುವ ಕೋಣೆಯ ಒಳಗೆ ವಿಕಿರಣ ತುಂಬಿದೆ. ಒಳಗೆ ಹೋದವರು ಬದುಕುವುದಿಲ್ಲ. ನೀವು ಹೋಗಬೇಕು, ಇಲ್ಲಾ ಜೊತೆಯಲ್ಲಿರುವ ಸಾರಾ ಲಯನ್ಸ್ ಅನ್ನುವವಳನ್ನು ಕಳಿಸಬೇಕು.

ಇದನ್ನು ಓದುತ್ತಿದ್ದ ಹಾಗೆ ನಿಮಗೆ ಭಾಗೀರಥಿ ನೆನಪಾಗಿರಬೇಕು. 'ಕೆರೆಗೆ ಹಾರ' ನಾವೆಲ್ಲ ಶಾಲೆಯಲ್ಲಿ ಓದಿದ ಜನಪದ ಕಥನಗೀತೆ. ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಒಂದು ಹನಿ ನೀರೂ ಬರುವುದಿಲ್ಲ. ಸೊಸೆಯನ್ನು ಕೆರೆಗೆ ಹಾರ, ಅಂದರೆ ಆಹಾರವಾಗಿ, ಕೊಡಬೇಕು ಅಂತ ಹೊತ್ತಿಗೆ ನೋಡಿ ಹೇಳುತ್ತಾರೆ. ಹಿರಿ ಸೊಸೆಯನ್ನು ಕೊಟ್ಟರೆ ಮನೆ ನಡೆಯುವುದಿಲ್ಲ, ಅದಕ್ಕೆ ಕಿರಿ ಸೊಸೆ ಭಾಗೀರಥಿ. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ, ಅವನಿಗೆ ಗೊತ್ತೇ ಇಲ್ಲ. ಪೂಜೆ ಮುಗಿಸಿ ಬರುವಾಗ ಚಿನ್ನದ ಬಟ್ಟಲು ಮರೆತು ಬಂದೆವು ಅಂತ ಹೇಳಿ ಅವಳನ್ನು ಹಿಂದಕ್ಕೆ ಕಳಿಸುತ್ತಾರೆ. ಅವಳು ಬಟ್ಟಲು ತೆಗೆದುಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಾಳೆ, ನೀರೂ ಒಂದೊಂದೇ ಮೆಟ್ಟಿಲು ಏರುತ್ತದೆ. ಗಂಡ ವಾಪಸು ಬಂದು, ವಿಷಯ ತಿಳಿದು, ಅದೇ ಕೆರೆಗೆ ಹಾರುತ್ತಾನೆ.

ಶಾಲೆಯಲ್ಲಿ ನಮಗೆ ಇದನ್ನು ತ್ಯಾಗ ಅಂತ ಹೇಳಿಕೊಟ್ಟರು. ಪರೀಕ್ಷೆಯಲ್ಲಿ ನಾನೂ ಹಾಗೇ ಬರೆದೆ. ಈಗ ಬರೆಯುವುದಾದರೆ ಹಾಗೆ ಬರೆಯುವುದಿಲ್ಲ. ಭಾಗೀರಥಿಗೆ ಎಲ್ಲ ಗೊತ್ತಿತ್ತು, ಅವಳು ಹೆದರಿ ಓಡಲಿಲ್ಲ, ಅವಳ ಎದೆಗಾರಿಕೆ ನಿಜ. ಆದರೆ ಅವಳನ್ನು ಯಾರೂ ಕೇಳಲಿಲ್ಲ. ತೀರ್ಮಾನ ಮಾಡಿದವನು ಮಾವ. ಕಳೆದುಕೊಂಡವರು ಅವಳು, ಅವಳ ಗಂಡ, ಅವಳ ತವರಿನವರು. ಹಾಡು ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ನೀರು ಬಂತು ಅನ್ನುವ ಕಡೆ ಹಾಡು ಮುಗಿಯುವುದಿಲ್ಲ. ಮಾದೇವರಾಯ ಕುದುರೆ ಏರಿ ಹುಡುಕಿಕೊಂಡು ಬರುವವರೆಗೂ ಹೋಗುತ್ತದೆ.

ಫಾಲ್‌ಔಟ್ 3 ಎಡವಿದ್ದು ಇಲ್ಲೇ. ಆ ಆಟದಲ್ಲಿ ಫಾಕ್ಸ್ ಅನ್ನುವ ಒಬ್ಬ ದೈತ್ಯ ಗೆಳೆಯ ನಿಮ್ಮ ಜೊತೆ ಇರಬಹುದು. ವಿಕಿರಣ ಅವನಿಗೆ ಏನೂ ಮಾಡುವುದಿಲ್ಲ. ಅದಕ್ಕೆ ಮುಂಚೆ ಅಂಥದೇ ಒಂದು ಕೋಣೆಗೆ ನಿಮಗೋಸ್ಕರ ಅವನೇ ಹೋಗಿ ಬಂದಿರುತ್ತಾನೆ. ಕೊನೆಯಲ್ಲಿ ಮಾತ್ರ, ಇದು ನಿನ್ನ ಹಣೆಬರಹ, ನೀನೇ ಮಾಡಬೇಕು ಅಂತ ಹಿಂದೆ ಸರಿಯುತ್ತಾನೆ. ಆಟಗಾರರು ಸಿಟ್ಟಾದರು. 2009ರಲ್ಲಿ ಕಂಪನಿ 'ಬ್ರೋಕನ್ ಸ್ಟೀಲ್' ಅನ್ನುವ ಮುಂದುವರಿಕೆ ಬಿಟ್ಟು, ಆ ಗೆಳೆಯನನ್ನು ಕಳಿಸುವ ದಾರಿಯನ್ನೂ ಕೊಟ್ಟಿತು, ಒಳಗೆ ಹೋದರೂ ನಾಯಕ ಬದುಕುವ ಹಾಗೂ ಮಾಡಿತು. ಜನಕ್ಕೆ ಕೋಪ ಬಂದದ್ದು ಸಾಯಬೇಕಲ್ಲ ಅಂತ ಅಲ್ಲ ಅನ್ನುವುದು ನನ್ನ ಅನಿಸಿಕೆ. ಬೇರೆ ದಾರಿ ಕಣ್ಣೆದುರಿಗೇ ಇದ್ದಾಗ, ಅದನ್ನು ಮುಚ್ಚಿ, ಇದನ್ನೇ ತ್ಯಾಗ ಅಂದುಕೋ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಬೇರೆ ದಾರಿ ಇದ್ದೂ ಬಿಟ್ಟುಕೊಟ್ಟರೆ ತ್ಯಾಗ. ದಾರಿ ಮುಚ್ಚಿ ತಳ್ಳಿದರೆ ಅದು ಬಟ್ಟಲು ತರಲು ಕಳಿಸಿದ ಹಾಗೆ.

ನಮ್ಮ ತುಮಕೂರು ಜಿಲ್ಲೆಯವರಿಗೆ ಇದು ಬರೀ ಕಥೆ ಅನ್ನಿಸುವುದಿಲ್ಲ. ಹೇಮಾವತಿ ನೀರನ್ನು ಮಾಗಡಿ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಕೆನಾಲ್ ಬೇಡ ಅಂತ 2025ರಲ್ಲಿ ಗುಬ್ಬಿ ಕಡೆ ರೈತರು ಬೀದಿಗಿಳಿದದ್ದು ನೆನಪಿರಬೇಕು. ಆ ಕಡೆ ಮಾಗಡಿಯವರೂ ನೀರಿಗೆ ಕಾಯುತ್ತಿದ್ದಾರೆ. ಯಾರ ಕೆರೆಗೆ ನೀರು, ಅದಕ್ಕೆ ಯಾರು ಬಿಟ್ಟುಕೊಡಬೇಕು, ಬಿಟ್ಟುಕೊಡುವವರನ್ನು ಕೇಳಿದರಾ? ಗೇಮ್ ಆಡುವ ಹುಡುಗರು ಪರದೆ ಮೇಲೆ ಎದುರಿಸುವುದೂ ಇದೇ ಪ್ರಶ್ನೆಯನ್ನು.

ಎಲ್ಲ ಆಟಗಳೂ ಆಯ್ಕೆ ಕೊಡುವುದಿಲ್ಲ ಅನ್ನುವುದನ್ನೂ ಹೇಳಬೇಕು. ಕೆಲವು ಒಳ್ಳೆಯ ಆಟಗಳು ಬೇಕೆಂದೇ ಕೊಡುವುದಿಲ್ಲ. 2013ರ 'ದ ಲಾಸ್ಟ್ ಆಫ್ ಅಸ್' ಅಂಥದು. ಲೋಕಕ್ಕೆಲ್ಲ ರೋಗ. ಎಲೀ ಅನ್ನುವ ಹುಡುಗಿಯ ಮೈಯಲ್ಲಿ ಮಾತ್ರ ಅದಕ್ಕೆ ತಡೆ ಇದೆ. ಔಷಧಿ ಮಾಡಬೇಕಾದರೆ ಆಪರೇಷನ್ ಮಾಡಬೇಕು, ಮಾಡಿದರೆ ಅವಳು ಸಾಯುತ್ತಾಳೆ. ವೈದ್ಯರು ಅವಳನ್ನು ಎಬ್ಬಿಸಿ ಕೇಳುವುದಿಲ್ಲ. ಅವಳನ್ನು ಮಗಳ ಹಾಗೆ ಕಾಪಾಡಿಕೊಂಡು ಬಂದ ಜೋಯಲ್ ಕೂಡ ಕೇಳುವುದಿಲ್ಲ. ಅಡ್ಡ ಬಂದವರನ್ನೆಲ್ಲ ಕೊಂದು ಅವಳನ್ನು ಹೊತ್ತುಕೊಂಡು ಬರುತ್ತಾನೆ. ಆಮೇಲೆ ಸುಳ್ಳು ಹೇಳುತ್ತಾನೆ. ಇಷ್ಟನ್ನೂ ಆಟಗಾರನ ಕೈಯಲ್ಲೇ ಮಾಡಿಸುತ್ತಾರೆ. ವೈದ್ಯನನ್ನು ಕೊಲ್ಲದೆ ಆಟ ಮುಂದಕ್ಕೇ ಹೋಗುವುದಿಲ್ಲ.

ಆಯ್ಕೆ ಇಲ್ಲದಿದ್ದರೆ ಅದು ಗೇಮ್ ಹೇಗಾಯಿತು ಅಂತ ಕೇಳುವವರಿದ್ದಾರೆ. ಅವರಿಗೆ ನಮ್ಮ ಕಡೆಯ 'ಕುರುಕ್ಷೇತ್ರ' ನಾಟಕ ತೋರಿಸಬೇಕು. ತುಮಕೂರು ಅಂದರೆ ನಾಟಕದ ಸೀಮೆ. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ್ದು ಇಲ್ಲೇ. ಮುಂದೆ ವೀರಣ್ಣನವರು ಕುರುಕ್ಷೇತ್ರ ಆಡಿಸಿದಾಗ ರಂಗದ ಮೇಲೆ ನಿಜವಾದ ಆನೆ ಕುದುರೆ ಬರುತ್ತಿದ್ದವು. ಇವತ್ತಿಗೂ ಜಾತ್ರೆ ಬಂತೆಂದರೆ ಹಳ್ಳಿಯವರು ದುಡ್ಡು ಕಟ್ಟಿ ಪಾತ್ರ ತಗೊಂಡು, ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಕಲಿತು, ಬೆಳಗಿನವರೆಗೆ ಆಡುತ್ತಾರೆ. ಕರ್ಣನ ಗತಿ ಏನು ಅಂತ ಎಲ್ಲರಿಗೂ ಗೊತ್ತು. ಆದರೂ ನಡುರಾತ್ರಿ ಕುಂತಿ ಬಂದು, ತೊಟ್ಟ ಬಾಣ ಮತ್ತೆ ತೊಡಬೇಡ ಅಂತ ಕೇಳುವಾಗ ಕಂಬಳಿ ಹೊದ್ದು ಕೂತ ಅಜ್ಜಿಯರು ಅಳುತ್ತಾರೆ. ಕೊಡಬೇಡ ಕಣಪ್ಪ ಅಂತ ಯಾರೋ ಕೂಗುತ್ತಾರೆ. ಅವನು ಕೊಟ್ಟೇ ಕೊಡುತ್ತಾನೆ.

ಜೋಯಲ್‌ನ ಕಥೆ ಆಡುವಾಗಲೂ ಹಾಗೇ. ಬೇಡ ಅಂತ ಮನಸ್ಸು ಕೂಗುತ್ತಿರುತ್ತದೆ, ಕೈ ಮಾಡುತ್ತಿರುತ್ತದೆ. ಕರ್ಣನಿಗೂ ಜೋಯಲ್‌ಗೂ ಅಜಗಜಾಂತರ ಅನ್ನುವುದು ಬೇರೆ. ಕರ್ಣ ಕೊಟ್ಟದ್ದು ತನ್ನ ಮೈಮೇಲಿದ್ದ ಕವಚ, ತನ್ನ ಬತ್ತಳಿಕೆಯ ಬಾಣ. ಜೋಯಲ್ ಕೊಟ್ಟದ್ದು ಊರವರ ಬದುಕನ್ನು. ಅವನ ಪ್ರೀತಿ ಎಷ್ಟೇ ನಿಜವಾದರೂ ಅದು ಬಲಿ. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ಹೊಗಳಲೂ ಬರುವುದಿಲ್ಲ.

ಹಾಗಾದರೆ ಆಟಗಾರನೇ ತನ್ನದನ್ನು ಕೊಡುವ ಆಟ ಇದೆಯಾ? ಪರದೆಯೊಳಗಿನ ಗೊಂಬೆ ಸತ್ತರೆ ಆಡುವವನಿಗೆ ಏನೂ ಹೋಗುವುದಿಲ್ಲ. ಅವನದು ಅಂತ ಇರುವುದು ಎರಡೇ. ಆಟಕ್ಕೆ ಕೊಟ್ಟ ಸಮಯ, ಆ ಸಮಯದ ಗುರುತಾಗಿ ಉಳಿದ ಸೇವ್ ಫೈಲ್, ಅಂದರೆ ಎಲ್ಲಿಯವರೆಗೆ ಆಡಿದ ಅಂತ ಉಳಿಸಿಟ್ಟ ದಾಖಲೆ. 2017ರಲ್ಲಿ ಜಪಾನಿನ ಯೊಕೊ ಟಾರೊ 'ನಿಯರ್: ಆಟೊಮಾಟಾ' ಆಟದಲ್ಲಿ ಕೈ ಹಾಕಿದ್ದು ಅದಕ್ಕೇ. ಕೊನೆಯಲ್ಲಿ ಆಟ ಮಾಡಿದವರ ಹೆಸರುಗಳೇ ನಿಮ್ಮ ಮೇಲೆ ಗುಂಡಿನ ಮಳೆ ಸುರಿಸುತ್ತವೆ. ಒಬ್ಬರೇ ದಾಟುವುದು ಅಸಾಧ್ಯ ಅನ್ನುವಷ್ಟು ಕಷ್ಟ. ಸೋತು ಸೋತು ಸುಸ್ತಾದಾಗ ಬೇರೆ ಆಟಗಾರರಿಂದ ಸಹಾಯ ಬರುತ್ತದೆ. ಆ ಸಹಾಯ ಎಲ್ಲಿಂದ ಬಂತು ಅಂತ ಗೊತ್ತಾಗುವುದು ದಾಟಿದ ಮೇಲೆ. ಇನ್ನೊಬ್ಬ ಅಪರಿಚಿತನಿಗೆ ನೀನೂ ಹೀಗೆ ಸಹಾಯ ಮಾಡುತ್ತೀಯಾ ಅಂತ ಆಟ ಕೇಳುತ್ತದೆ. ಮಾಡುವುದಾದರೆ ನಿನ್ನ ಸೇವ್ ಪೂರ್ತಿ ಅಳಿಸಿ ಹೋಗುತ್ತದೆ. ಸಹಾಯ ಪಡೆದವನು ನಿನಗೆ ಇಷ್ಟವಿಲ್ಲದವನೇ ಆಗಿರಬಹುದು. ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಆದರೂ ಮಾಡುತ್ತೀಯಾ?

ಹೂಂ ಅಂದರೆ ಒಂದೊಂದಾಗಿ ಎಲ್ಲ ಅಳಿಸುತ್ತಾ ಹೋಗುತ್ತದೆ. ನೋಡುತ್ತಾ ಕೂರಬೇಕು. ಹತ್ತಾರು ಗಂಟೆಯ ಆಟ. ಮೊದಲು ನನಗೆ ದಾರಿ ಬಿಟ್ಟುಕೊಟ್ಟವರೂ ಹೀಗೇ ತಮ್ಮದನ್ನು ಅಳಿಸಿಕೊಂಡವರು ಅಂತ ಆಗ ಹೊಳೆಯುತ್ತದೆ. ಬೇಡ ಅನ್ನುವ ದಾರಿ ಪೂರ್ತಿ ತೆರೆದೇ ಇರುತ್ತದೆ, ಬೇಡ ಅಂದವರನ್ನು ಆಟ ಕೀಳಾಗಿ ನೋಡುವುದೂ ಇಲ್ಲ. ನಾನು ನೋಡಿದ ಆಟಗಳಲ್ಲಿ ಕನ್ನಡದ ತ್ಯಾಗ ಅನ್ನುವ ಪದವನ್ನು ಯಾವ ಅಳುಕೂ ಇಲ್ಲದೆ ಬಳಸಬಹುದಾದ ಜಾಗ ಇದೊಂದೇ.

ಇನ್ನೊಂದು ಆಟವನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. 'ದಿಸ್ ವಾರ್ ಆಫ್ ಮೈನ್', 2014, ಪೋಲೆಂಡಿನ ಸ್ಟುಡಿಯೋ. ಸರಾಯೆವೊ ನಗರದ ಮುತ್ತಿಗೆಯಿಂದ ಪ್ರೇರಣೆ ಪಡೆದದ್ದು. ಇಲ್ಲಿ ನೀವು ಸೈನಿಕರಲ್ಲ, ಹಸಿದ ಸಾಮಾನ್ಯ ಜನ. ಒಂದು ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದಾರೆ, ಅವರ ಹತ್ತಿರ ಔಷಧಿ ಇದೆ, ಅನ್ನ ಇದೆ. ಕಿತ್ತುಕೊಂಡರೆ ತಡೆಯುವವರಿಲ್ಲ. ಕಿತ್ತುಕೊಂಡು ಬಂದ ಮೇಲೆ ನಿಮ್ಮ ಕಡೆಯವರು ಕುಗ್ಗಿ ಹೋಗುತ್ತಾರೆ. ಆ ಬೇಸರ ಹೆಚ್ಚಾದರೆ ಏಳುವುದಕ್ಕೂ ಆಗುವುದಿಲ್ಲ ಅವರಿಗೆ. 2020ರಲ್ಲಿ ಪೋಲೆಂಡ್ ಸರ್ಕಾರ ಈ ಆಟವನ್ನು ಹೈಸ್ಕೂಲ್ ಮಕ್ಕಳು ಓದಬಹುದಾದ ಪುಸ್ತಕಗಳ ಪಟ್ಟಿಗೆ ಸೇರಿಸುವುದಾಗಿ ಹೇಳಿತು. ಅದೂ 18 ತುಂಬಿದವರಿಗೆ. ಚಿಕ್ಕ ಮಕ್ಕಳ ಕೈಗೆ ಕೊಡುವ ಆಟಗಳಲ್ಲ ಇವು, ಇದನ್ನು ತಂದೆ ತಾಯಂದಿರು ಗಮನಿಸಬೇಕು. ಆದರೆ ಕಾಲೇಜಿನ ಕನ್ನಡ ಕ್ಲಾಸಿನಲ್ಲಿ 'ಕೆರೆಗೆ ಹಾರ' ಪಾಠ ಮಾಡುವ ಮೇಷ್ಟ್ರು ಒಂದು ದಿನ ಇದರ ಬಗ್ಗೆಯೂ ಮಾತಾಡಿದರೆ ಎಷ್ಟು ಚೆನ್ನಾಗಿರುತ್ತದೆ ಅಂತ ನನಗೆ ಆಸೆ.

ಆ ಆಸೆಗೆ ಅಡ್ಡ ಬರುವುದು ಭಾಷೆ.

ಮೊನ್ನೆ ಹುಡುಗನೂ ನಾನೂ ಒಟ್ಟಿಗೆ ಕೂತು 'ದ ವಾಕಿಂಗ್ ಡೆಡ್' ಆಡಿದೆವು. ಟೆಲ್‌ಟೇಲ್ ಕಂಪನಿಯ 2012ರ ಆಟ. ಎರಡನೇ ಕಂತಿನಲ್ಲಿ ಒಂದು ದೃಶ್ಯ ಇದೆ. ಹಸಿದ ಹತ್ತು ಜನ, ತಿನ್ನುವುದಕ್ಕೆ ನಾಲ್ಕೇ ಸಾಮಾನು. ಅವತ್ತು ಹಂಚುವ ಕೆಲಸ ನಿಮ್ಮದು. ಬಂದವರಿಗೆಲ್ಲ ದಿನಾ ಅನ್ನ ಹಾಕುವ ಸಿದ್ಧಗಂಗೆ ಮಠದ ಪಕ್ಕದಲ್ಲೇ ಕೂತು ಆಡುತ್ತಿದ್ದೆವು, ಅದಕ್ಕೋ ಏನೋ, ನಾಲ್ಕು ತುಂಡು ಹಿಡಿದುಕೊಂಡು ಹತ್ತು ಮುಖ ನೋಡುವುದು ತುಂಬ ಕಷ್ಟ ಆಯಿತು. ಹುಡುಗ ಮೊದಲು ಎರಡು ಮಕ್ಕಳಿಗೆ ಕೊಟ್ಟ. ತನಗೆ ಅಂತ ಏನೂ ಇಟ್ಟುಕೊಳ್ಳಲಿಲ್ಲ. ನಾನು ಏನೂ ಹೇಳಿಕೊಟ್ಟಿರಲಿಲ್ಲ.

ಆದರೆ ಈ ಆಟದ ಮುಖ್ಯ ತಂತ್ರವೇ ಸಮಯ. ಯಾರೋ ಏನೋ ಕೇಳುತ್ತಾರೆ, ಕೆಳಗೆ ನಾಲ್ಕು ಉತ್ತರ ಬರುತ್ತವೆ, ಉಳಿದ ಸಮಯ ತೋರಿಸುವ ಒಂದು ಪಟ್ಟಿ ಸರಸರ ಕರಗುತ್ತದೆ. ಕೆಲವೇ ಸೆಕೆಂಡು. ಅಷ್ಟರಲ್ಲಿ ಒತ್ತದಿದ್ದರೆ ನೀವು ಸುಮ್ಮನಿದ್ದಿರಿ ಅಂತ ಆಟ ಬರೆದುಕೊಳ್ಳುತ್ತದೆ. ಎದುರಿನವರು ಅದನ್ನು ನೆನಪಿಟ್ಟುಕೊಳ್ಳುತ್ತಾರೆ. ಕಂತು ಮುಗಿದ ಮೇಲೆ ಲೋಕದ ಆಟಗಾರರಲ್ಲಿ ನೂರಕ್ಕೆ ಎಷ್ಟು ಜನ ಏನು ಮಾಡಿದರು ಅಂತ ತೋರಿಸುತ್ತಾರೆ. ಯೋಚನೆಗೆ ಸಮಯ ಕೊಡದೆ ಮನಸ್ಸಿನ ಮೊದಲ ಮಾತು ಹಿಡಿಯಬೇಕು ಅನ್ನುವುದು ಅದರ ಉದ್ದೇಶ, ಮತ್ತು ಅದು ಒಳ್ಳೆಯ ಉದ್ದೇಶ. ಇಂಗ್ಲಿಷ್ ಮನೆಮಾತಾದವರಿಗೆ ಅದು ಸರಿಯಾಗಿ ಕೆಲಸ ಮಾಡುತ್ತದೆ. ಈ ಆಟ ಕನ್ನಡದಲ್ಲಿ ಇಲ್ಲ. ಕನ್ನಡ ಮೀಡಿಯಂ ಹುಡುಗ ಒಂದು ಸಾಲು ಓದಿ, ಅದರ ಅರ್ಥ ಮನಸ್ಸಿನಲ್ಲಿ ಕನ್ನಡಕ್ಕೆ ತಂದುಕೊಂಡು, ಆಮೇಲೆ ಒಳ್ಳೆಯದು ಕೆಟ್ಟದ್ದು ತೂಗಬೇಕು. ಮೂರು ಕೆಲಸ, ನಾಲ್ಕೈದು ಸೆಕೆಂಡು. ಅವನ ನೀತಿ ಏನು ಅಂತ ಆಟಕ್ಕೆ ಗೊತ್ತಾಗುವುದೇ ಇಲ್ಲ. ಗೊತ್ತಾಗುವುದು ಅವನ ಇಂಗ್ಲಿಷ್ ಎಷ್ಟು ಜೋರು ಅನ್ನುವುದು.

ಅವತ್ತೂ ಹಾಗೇ ಆಯಿತು. ಒಬ್ಬರ ಪರವಾಗಿ ಮಾತಾಡಬೇಕಾದ ಜಾಗ. ಅವನು ಎರಡನೇ ಸಾಲು ಓದುತ್ತಿದ್ದ, ಒಂದು ಪದಕ್ಕೆ ಅರ್ಥ ಕೇಳಿದ, ನಾನು ಹೇಳುವಷ್ಟರಲ್ಲಿ ಪಟ್ಟಿ ಖಾಲಿ. ಅವನು ಸುಮ್ಮನಿದ್ದ ಅಂತ ಆಟ ತೀರ್ಮಾನ ಮಾಡಿತು. ಎದುರಿದ್ದವರು ಮುಖ ತಿರುಗಿಸಿಕೊಂಡರು. ಹುಡುಗ ಮೊಬೈಲ್ ಕೆಳಗಿಟ್ಟ.

"ನಾನು ಸುಮ್ನಿರ್ಲಿಲ್ಲ ಮಾಮ" ಅಂದ. "ಓದ್ತಾ ಇದ್ದೆ."